ಫೋನೇ ಚಾವಿಯಾದ ಕಾರಿಗೆ ವರ್ಷವರ್ಷ ಚಂದಾ: ಕಟ್ಟಬೇಕೇ, ಬಿಡಬೇಕೇ?

ಫೋನಿನಿಂದ ಬಾಗಿಲು ತೆಗೆಯುವುದು, ಗಾಡಿ ಎಲ್ಲಿದೆ ಎಂದು ನೋಡುವುದು, ದೂರದಿಂದಲೇ ಎಸಿ ಹಾಕುವುದು – ಹೊಸ ಕಾರಿನ ಜೊತೆ ಕೆಲವು ವರ್ಷ ಉಚಿತವಾಗಿ ಬಂದಿದ್ದ ಈ ಸೌಲಭ್ಯಗಳ ಅವಧಿ ಈಗ ಹಲವರಿಗೆ ಮುಗಿಯುತ್ತಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಸರ್, ಗಾಡಿ ತಗೊಂಡು ಮೂರು ವರ್ಷ ಆತು. ‘ಕನೆಕ್ಟೆಡ್ ಸೇವೆಯ ಅವಧಿ ಮುಗಿಯಲಿದೆ, ನವೀಕರಿಸಿ’ ಅಂತ ಆ್ಯಪ್‌ನ್ಯಾಗ ದಿನಾ ಬರಾಕತ್ತೈತಿ. ರೊಕ್ಕ ಕಟ್ಟಲಿಲ್ಲಂದ್ರ ಫೋನಿಂದ ಬಾಗಲಾ ತಗಿಯೂದು ಬಂದ್ ಆಗತೈತೇನ್ರಿ? ಗಾಡಿನೇ ಚಾಲೂ ಆಗಲಿಲ್ಲಂದ್ರ ಏನ್ ಮಾಡೂದು?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಗಾಡಿ ಚಾಲೂ ಆಗುವ ಬಗ್ಗೆ ಚಿಂತೆ ಬೇಡ. ಗಾಡಿಯ ಜೊತೆ ಬಂದ ರಿಮೋಟ್ ಕೀಗೂ ಸ್ಟಾರ್ಟ್ ಗುಂಡಿಗೂ ಚಂದಾದ ಹಂಗಿಲ್ಲ. ಫೋನಿನಿಂದ ಬಾಗಿಲು ತೆಗೆಯುವುದು ನಿಲ್ಲುತ್ತದೋ ಇಲ್ಲವೋ ಎಂಬುದು, ನಿಮ್ಮ ಗಾಡಿಯಲ್ಲಿ ಆ ಕೆಲಸ ಯಾವ ದಾರಿಯಲ್ಲಿ ನಡೆಯುತ್ತದೆ ಎನ್ನುವುದರ ಮೇಲಿದೆ.

ಆ್ಯಪ್‌ನಲ್ಲಿ ‘ಅನ್‌ಲಾಕ್’ ಒತ್ತಿ, ಗುಂಡನೆ ಸುತ್ತುವ ಗುರುತನ್ನು ನೋಡುತ್ತ ಕಾದ ಮೇಲೆ ಬಾಗಿಲು ತೆರೆಯುತ್ತಿದ್ದರೆ, ನಿಮ್ಮ ಆದೇಶ ಮೊದಲು ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಗಾಡಿಯೊಳಗಿನ ಇ-ಸಿಮ್‌ಗೆ (ಗಾಡಿಯಲ್ಲೇ ಕೂರಿಸಿದ ಮೊಬೈಲ್ ಸಿಮ್) ಬರುತ್ತಿದೆ. ಚಂದಾ ಮುಗಿದರೆ ಈ ದಾರಿ ಮುಚ್ಚುತ್ತದೆ. ದೂರದಿಂದ ಎಸಿ, ಗಾಡಿಯ ಜಾಗ ತೋರಿಸುವುದು, ನೀವು ಗುರುತಿಸಿಟ್ಟ ಪ್ರದೇಶದ ಗಡಿ ದಾಟಿದರೆ ಎಚ್ಚರಿಸುವುದು ಎಲ್ಲವೂ ಇದರ ಜೊತೆಗೇ ನಿಲ್ಲುತ್ತವೆ.

ಫೋನನ್ನು ಬಾಗಿಲ ಹಿಡಿಕೆಗೆ ತಾಗಿಸಿದ ಕೂಡಲೇ ತೆರೆಯುತ್ತಿದ್ದರೆ ಅದು ಎನ್‌ಎಫ್‌ಸಿ, ಅಂದರೆ ತಾಗಿಸಿದಾಗಷ್ಟೇ ಮಾತಾಡುವ ರೇಡಿಯೊ ಸಂಪರ್ಕ. ಫೋನ್ ಜೇಬಿನಲ್ಲಿದ್ದಾಗ ಹತ್ತಿರ ಹೋದರೆ ಸಾಕು ಎಂದಾದರೆ ಬ್ಲೂಟೂತ್, ಇಲ್ಲವೇ ಯುಡಬ್ಲ್ಯೂಬಿ (ಫೋನ್ ಎಷ್ಟು ದೂರದಲ್ಲಿದೆ ಎಂದು ನಿಖರವಾಗಿ ಅಳೆಯುವ ರೇಡಿಯೊ ಸಂಪರ್ಕ). ಕಾರು ಮತ್ತು ಫೋನ್ ತಯಾರಕರ ಒಕ್ಕೂಟವಾದ ಕಾರ್ ಕನೆಕ್ಟಿವಿಟಿ ಕನ್ಸಾರ್ಷಿಯಂ 2021ರಲ್ಲಿ ಹೊರತಂದ ಡಿಜಿಟಲ್ ಕೀ (ಫೋನನ್ನೇ ಚಾವಿಯಾಗಿಸುವ ವ್ಯವಸ್ಥೆ) ಮಾನದಂಡದ ಮೂರನೇ ಆವೃತ್ತಿಯಲ್ಲಿ ಈ ಮೂರೂ ಇವೆ. ಆ ಮಾನದಂಡದ ಪ್ರಕಾರ ಕೀಯ ಗುಪ್ತ ಸಂಕೇತ ಫೋನಿನ ಭದ್ರ ಚಿಪ್‌ನಲ್ಲಿರುತ್ತದೆ, ಅದನ್ನು ಗುರುತಿಸುವುದು ಕಾರೇ. ಬಾಗಿಲು ತೆಗೆಯುವ ಹೊತ್ತಿನಲ್ಲಿ ಇಂಟರ್ನೆಟ್ ಬೇಕಿಲ್ಲ.

ನಿಮ್ಮದು ಯಾವುದೆಂದು ಮನೆಯಲ್ಲೇ ಪರೀಕ್ಷಿಸಬಹುದು. ರಿಮೋಟ್ ಕೀಗಳನ್ನು ಗಾಡಿಯಿಂದ ದೂರ, ಒಳಗಿನ ಕೋಣೆಯಲ್ಲಿಡಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಆರಿಸಿ. ಎನ್‌ಎಫ್‌ಸಿ, ಬ್ಲೂಟೂತ್ ಆರಿದ್ದರೆ ಮತ್ತೆ ಚಾಲೂ ಮಾಡಿ. ಪರದೆಯ ಲಾಕ್ ತೆಗೆದು, ಫೋನಿನ ಬೆನ್ನನ್ನು ಚಾಲಕನ ಬಾಗಿಲ ಹಿಡಿಕೆಗೆ ಎರಡು ಸೆಕೆಂಡ್ ಒತ್ತಿ ಹಿಡಿಯಿರಿ. ಎನ್‌ಎಫ್‌ಸಿ ಕೆಲವೇ ಸೆಂಟಿಮೀಟರ್ ದೂರಕ್ಕಷ್ಟೇ ಹಿಡಿಯುತ್ತದೆ. ದಪ್ಪ ಕವರ್, ಅದರೊಳಗಿನ ಎಟಿಎಂ ಕಾರ್ಡ್, ಬೆರಳಿನ ಉಂಗುರಕ್ಕೆಂದು ಫೋನಿನ ಬೆನ್ನಿಗೆ ಅಂಟಿಸಿದ ಲೋಹದ ತಗಡು ಇವುಗಳಲ್ಲಿ ಒಂದಿದ್ದರೂ ಕೆಲಸ ಕೆಡಬಹುದು. ‘ಡಿಜಿಟಲ್ ಕೀ ಕೆಟ್ಟಿದೆ’ ಎಂದು ಸರ್ವಿಸ್ ಸೆಂಟರ್‌ಗೆ ಹೋಗುವ ಮೊದಲು ಇವನ್ನು ತೆಗೆದು ನೋಡಿ.

ಬಾಗಿಲು ತೆರೆಯಿತೆಂದರೆ ಕೀ ಫೋನಿನಲ್ಲೇ ಇದೆ. ಆದರೂ ಪೂರ್ತಿ ನಿಶ್ಚಿಂತರಾಗಬೇಡಿ. ಹೊಸ ಫೋನಿಗೆ ಕೀ ಹಾಕಿಕೊಳ್ಳುವುದು, ಮನೆಯವರಿಗೆ ಹಂಚುವುದು ಸರ್ವರ್ ಮೂಲಕವೇ ಆಗಬೇಕು, ಮತ್ತು ಸರ್ವರ್‌ನಿಂದ ಕೀಯನ್ನು ರದ್ದುಪಡಿಸಲೂ ಬರುತ್ತದೆ. ಆದ್ದರಿಂದ ಅವಧಿ ಮುಗಿಯುವ ಮೊದಲೇ ಮನೆಯವರ ಫೋನುಗಳಿಗೆ ಕೀ ಕೊಟ್ಟು ಮುಗಿಸಿ. ‘ಚಂದಾ ಮುಗಿದ ಮೇಲೆ ಎನ್‌ಎಫ್‌ಸಿ ಕೀ ಉಳಿಯುತ್ತದೆಯೇ’ ಎಂದು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ಸಾಕ್ಷಿ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಒಳಗನ್ನಡಿಯ ಬಳಿ ಇರುವ, ತುರ್ತು ಸಹಾಯ ಕೇಳುವ ಎಸ್‌ಒಎಸ್ ಗುಂಡಿ ಹಲವು ಗಾಡಿಗಳಲ್ಲಿ ಇದೇ ಇ-ಸಿಮ್ ಮೂಲಕ ಕಂಪನಿಯ ಕಾಲ್ ಸೆಂಟರ್‌ಗೆ ಕರೆ ಮಾಡುತ್ತದೆ. ಚಂದಾ ಮುಗಿದರೆ ಅದೂ ಸತ್ತಂತೆಯೇ. ಅಪಘಾತವಾದಾಗ ಆ ಗುಂಡಿಯನ್ನೇ ಒತ್ತುತ್ತ ಕೂರಬಾರದು, 112ಕ್ಕೆ ಕರೆ ಮಾಡಬೇಕು ಎಂದು ಮನೆಮಂದಿಗೆಲ್ಲ ಇವತ್ತೇ ಹೇಳಿಡಿ.

ಪ್ರಶ್ನೆ: ಚೋರ್ಲಾ ಘಾಟ್ ದಾರಿಯಲ್ಲಿ ಗೋವೆಗೆ ಆಗಾಗ ಹೋಗುತ್ತೇವೆ. ಕಣಕುಂಬಿ ದಾಟಿದ ಮೇಲೆ ಅಲ್ಲಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಫೋನ್ ಒಂದನ್ನೇ ನಂಬಿ ಹೋಗಬಹುದೇ?
– ಓದುಗರು, ಖಾನಾಪುರ

ಉತ್ತರ: ಹೋಗಬೇಡಿ. ನಿಮ್ಮದು ಎನ್‌ಎಫ್‌ಸಿ ಕೀ ಆಗಿದ್ದರೆ ನೆಟ್‌ವರ್ಕ್ ಇಲ್ಲದಿದ್ದರೂ ಬಾಗಿಲು ತೆರೆಯುತ್ತದೆ, ನಿಜ. ಐಫೋನ್‌ನ ವ್ಯಾಲೆಟ್ ಆ್ಯಪ್‌ನಲ್ಲಿರುವ ಕಾರ್ ಕೀ, ಎಕ್ಸ್‌ಪ್ರೆಸ್ ಮೋಡ್ (ಫೋನಿನ ಲಾಕ್ ತೆಗೆಯದೆಯೇ ಕೀ ಬಳಸುವ ಆಯ್ಕೆ) ಹಾಕಿಟ್ಟಿದ್ದರೆ, ಚಾರ್ಜ್ ಮುಗಿದು ಫೋನ್ ಆರಿದ ಮೇಲೂ ಐದು ಗಂಟೆಯವರೆಗೆ ಕೆಲಸ ಮಾಡಬಲ್ಲದು. ಆ್ಯಂಡ್ರಾಯ್ಡ್‌ನಲ್ಲಿ ಇದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಕೀ ಇರುವುದು ವ್ಯಾಲೆಟ್‌ನಲ್ಲಲ್ಲ, ಕಂಪನಿಯ ಆ್ಯಪ್‌ನಲ್ಲಿ ಎಂದಾದರೆ ಫೋನ್ ಆರಿದ ಕೂಡಲೇ ಕೀಯೂ ಇಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಗಾಡಿಯ 12 ವೋಲ್ಟ್ ಬ್ಯಾಟರಿಯದು. ಅದು ಇಳಿದರೆ ಹಿಡಿಕೆಯೊಳಗಿನ ಎನ್‌ಎಫ್‌ಸಿ ರೀಡರ್‌ಗೆ ಕರೆಂಟೇ ಇರುವುದಿಲ್ಲ. ಆಗ ಎಂಥ ಫೋನೂ ಕೆಲಸಕ್ಕೆ ಬಾರದು, ಎಲೆಕ್ಟ್ರಿಕ್ ಕಾರಿನಲ್ಲೂ ಇದೇ ಗತಿ. ರಿಮೋಟ್ ಕೀಯ ಬದಿಯ ಸಣ್ಣ ಗುಂಡಿ ಒತ್ತಿ ಎಳೆದರೆ ಒಳಗೊಂದು ಲೋಹದ ಚಾವಿ ಬರುತ್ತದೆ. ಚಾಲಕನ ಹಿಡಿಕೆಯ ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ ಇದ್ದರೆ, ಅದರ ಕೆಳಗಿನ ಸಂದಿಗೆ ಚಾವಿಯ ತುದಿ ಕೊಟ್ಟು ಎಬ್ಬಿಸಿದಾಗ ಕೀಲಿಕಿಂಡಿ ಕಾಣುತ್ತದೆ. ಬಾನೆಟ್ ತೆಗೆದು ಜಂಪ್ ಕೊಡುವಾಗ ಕ್ರಮ ಇದು: ಕೆಂಪು ವೈರ್ ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ; ಕಪ್ಪು ವೈರ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆಯ ತುದಿ ನಿಮ್ಮ ಗಾಡಿಯ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಆಗಿದ್ದರೆ ಮ್ಯಾನುವಲ್‌ನಲ್ಲಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ವೈರ್ ಹಾಕಬೇಡಿ.

ಗಾಡಿ ತುಂಬ ದಿನ ನಿಂತಲ್ಲೇ ನಿಂತರೆ ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಪ್ರವಾಸಕ್ಕೆ ಮೊದಲು ಚಾರ್ಜ್ ಮಾಡಿಸಿ. ಬ್ಯಾಟರಿ ಉಳಿಸಲೆಂದೇ ಇ-ಸಿಮ್ ಘಟಕ ಕೆಲವು ದಿನಗಳ ನಂತರ ತಾನೇ ಮಲಗಿಬಿಡುತ್ತದೆ. ‘ಗಾಡಿ ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಆ್ಯಪ್ ಹೇಳಿದಾಗ ಒಮ್ಮೆ ಗಾಡಿ ಚಾಲೂ ಮಾಡಿ ನೋಡಿ.

ಪ್ರಶ್ನೆ: ಬೆಳಗಾವಿಯಲ್ಲಿ ಕೆಎ-22 ನಂಬರಿನ ಹಳೆಯ ಕಾರು ಕೊಂಡೆ. ಆ್ಯಪ್‌ನಲ್ಲಿ ಸೇರಿಸಲು ಹೋದರೆ ‘ಈ ವಾಹನ ಈಗಾಗಲೇ ನೋಂದಣಿಯಾಗಿದೆ’ ಎನ್ನುತ್ತದೆ. ಇದರಿಂದ ಏನಾದರೂ ಅಪಾಯವಿದೆಯೇ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಖಂಡಿತ ಇದೆ. ಸೇವೆ ಇನ್ನೂ ಚಾಲೂ ಇದ್ದರೆ ಹಳೆಯ ಮಾಲೀಕರು ತಮ್ಮ ಮನೆಯಲ್ಲಿ ಕೂತೇ ನಿಮ್ಮ ಗಾಡಿ ಎಲ್ಲಿ ನಿಂತಿದೆ, ಯಾವಾಗ ಹೊರಟಿತು ಎಂದು ನೋಡಬಹುದು, ಬಾಗಿಲನ್ನೂ ತೆಗೆಯಬಹುದು. ಅವರು ಒಳ್ಳೆಯವರೇ ಇರಬಹುದು. ಆದರೆ ಅವರ ಫೋನ್ ನಾಳೆ ಯಾರ ಕೈ ಸೇರುತ್ತದೋ ಯಾರಿಗೆ ಗೊತ್ತು? ಅಮೆರಿಕದ ಕಿಯಾ ಕಾರುಗಳ ವಿಚಾರದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾದದ್ದು ನೆನಪಿರಲಿ: ಬರೀ ನಂಬರ್ ಪ್ಲೇಟ್ ತಿಳಿದರೆ ವೆಬ್ ಪೋರ್ಟಲ್‌ನ ದೋಷ ಬಳಸಿ ಬೇರೆಯವರ ಗಾಡಿಯ ಜಾಗ ತಿಳಿಯಲು, ಬಾಗಿಲು ತೆಗೆಯಲು ಸಾಧ್ಯವೆಂದು ಸಂಶೋಧಕರು ತೋರಿಸಿದರು. ಅಷ್ಟರಲ್ಲಿ ಕಂಪನಿ ಅದನ್ನು ಸರಿಪಡಿಸಿತ್ತು. ಗಾಡಿಗೆ ಜೋಡಿಸಿದ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಆರ್‌ಸಿಯಷ್ಟೇ ಗಂಭೀರವಾಗಿ ನೋಡಬೇಕು.

ಮೊದಲು ಹಳೆಯ ಮಾಲೀಕರಿಗೆ ಹೇಳಿ ಅವರ ಖಾತೆಯಿಂದ ವಾಹನವನ್ನು ತೆಗೆಸಿ. ಫೋನಿನಿಂದ ಆ್ಯಪ್ ಅಳಿಸಿದರೆ ಸಾಲದು. ಆ್ಯಪ್‌ನೊಳಗೆ ಹೋಗಿ ‘ವಾಹನ ತೆಗೆದುಹಾಕಿ’ ಆಯ್ಕೆ ಒತ್ತಿ, ಓಟಿಪಿ ಕೊಟ್ಟು ಮುಗಿಸಬೇಕು. ಅವರು ಸಿಗದಿದ್ದರೆ ಆರ್‌ಸಿ, ಗುರುತಿನ ಚೀಟಿ, ಖರೀದಿ ರಸೀದಿ ಹಿಡಿದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ. ಆರ್‌ಸಿ ನಿಮ್ಮ ಹೆಸರಿಗೆ ಆಗಿರದಿದ್ದರೆ ಅಲ್ಲಿ ಕೆಲಸ ನಿಲ್ಲುತ್ತದೆ. ಹಾಗಾಗಿ ಆರ್‌ಟಿಒಗೆ ಫಾರ್ಮ್ 29 ಮತ್ತು 30 ಸಲ್ಲಿಸಿ ವರ್ಗಾವಣೆ ಮುಗಿಸುವುದನ್ನು ಮುಂದೂಡಬೇಡಿ.

ಆಮೇಲೆ ಗಾಡಿಯ ಪರದೆಯಲ್ಲಿ ಡಿಜಿಟಲ್ ಕೀ ಮೆನು ತೆಗೆದು ಎಲ್ಲ ಕೀಗಳನ್ನೂ ಅಳಿಸಿ. ಬ್ಲೂಟೂತ್ ಪಟ್ಟಿಯ ಹಳೆಯ ಫೋನುಗಳನ್ನು ತೆಗೆದು, ಕೊನೆಗೆ ಫ್ಯಾಕ್ಟರಿ ರಿಸೆಟ್ ಮಾಡಿ. ಬರೀ ರಿಸೆಟ್ ಮಾಡಿದರೆ ಸರ್ವರ್‌ನಲ್ಲಿರುವ ಖಾತೆ ಅಳಿಯದೇ ಉಳಿಯಬಹುದು, ಅದಕ್ಕೇ ಖಾತೆಯ ಕೆಲಸ ಮೊದಲು ಹೇಳಿದ್ದು. ಇಷ್ಟಾದ ಮೇಲೆ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಹಾಕಿ ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ಉಳಿದ ಚಂದಾ ಅವಧಿ ನಿಮಗೆ ವರ್ಗವಾಗುತ್ತದೆಯೇ ಎಂದೂ ಆಗಲೇ ಕೇಳಿ.

ರಿಮೋಟ್ ಕೀ ಎಷ್ಟು ಕೊಟ್ಟರು? ಸಾಮಾನ್ಯವಾಗಿ ಹೊಸ ಗಾಡಿಗೆ ಎರಡು ಇರುತ್ತವೆ. ಒಂದೇ ಸಿಕ್ಕಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿಸಿ, ಹಳೆಯ ನೋಂದಣಿಗಳನ್ನೆಲ್ಲ ಅಳಿಸಿ, ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಿ. ಕಳೆದುಹೋದ ಕೀಯಿಂದ ಗಾಡಿ ಇನ್ನು ಚಾಲೂ ಆಗದು. ಆದರೆ ಅದರೊಳಗಿನ ಲೋಹದ ಚಾವಿ ಬಾಗಿಲನ್ನು ತೆಗೆದೇ ತೆಗೆಯುತ್ತದೆ. ಅದೂ ಬೇಡವೆಂದರೆ ಬಾಗಿಲಿನ ಲಾಕ್ ಸೆಟ್ಟನ್ನೇ ಬದಲಿಸಬೇಕು.

ಪ್ರಶ್ನೆ: ಹೊಸ ಕಾರು ಬುಕ್ ಮಾಡಬೇಕೆಂದಿದ್ದೇನೆ. ‘60ಕ್ಕೂ ಹೆಚ್ಚು ಕನೆಕ್ಟೆಡ್ ಫೀಚರ್’ ಎಂದು ಮೇಲಿನ ವೇರಿಯಂಟ್ ಹೇಳುತ್ತಿದ್ದಾರೆ. ನಮ್ಮೂರ ಬಿಸಿಲಿಗೆ ದೂರದಿಂದ ಎಸಿ ಹಾಕುವುದು ಬೇಕೇ ಬೇಕು ಅನ್ನುತ್ತಾರೆ. ಹೌದೇ?
– ಓದುಗರು, ಜಲನಗರ, ವಿಜಯಪುರ

ಉತ್ತರ: ಆ ಪಟ್ಟಿಯನ್ನು ಪೆನ್ ಹಿಡಿದು ಓದಿ. ನಕ್ಷೆ, ಹಾಡು, ಧ್ವನಿ ಆದೇಶ, ಹವಾಮಾನ ಇವನ್ನು ಆ್ಯಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ನಿಮ್ಮ ಫೋನಿನ ಡೇಟಾದಲ್ಲೇ ಮಾಡುತ್ತವೆ, ಅವನ್ನು ಹೊಡೆದುಹಾಕಿ. ಉಳಿಯುವುದರಲ್ಲಿ ನಿಜಕ್ಕೂ ಬೆಲೆಬಾಳುವವು ದೂರದಿಂದ ಎಸಿ, ಗಾಡಿಯ ಜಾಗ, ಕಳವಿನ ಎಚ್ಚರಿಕೆ, ಎಸ್‌ಒಎಸ್. ವಿಜಯಪುರದ ಏಪ್ರಿಲ್-ಮೇ ಬಿಸಿಲಲ್ಲಿ ಎಸಿ ಮೊದಲೇ ಹಾಕುವುದು ಹಿತವೇ. ಆದರೆ ಎಂಜಿನ್ ಗಾಡಿಯನ್ನು ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಎಂದೂ ಚಾಲೂ ಮಾಡಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಹೊರಡುವ ಮುನ್ನ ನಾಲ್ಕೂ ಗಾಜು ಇಳಿಸಿ ಎರಡು ನಿಮಿಷ ಗಾಳಿ ಆಡಿಸಿದರೆ ಬಿಸಿಯ ದೊಡ್ಡ ಪಾಲು ಪುಕ್ಕಟೆಯಾಗಿ ಹೋಗುತ್ತದೆ.

ಲೆಕ್ಕ ಹೀಗೆ ಹಾಕಿ. ಚಂದಾ ವರ್ಷಕ್ಕೆ 3,000 ರೂಪಾಯಿ ಎಂದುಕೊಳ್ಳೋಣ. 18% ಜಿಎಸ್‌ಟಿ ಸೇರಿ 3,540. ಗಾಡಿ ಹತ್ತು ವರ್ಷ ಇಟ್ಟುಕೊಂಡು ಮೊದಲ ಮೂರು ವರ್ಷ ಉಚಿತವಾದರೆ, ಉಳಿದ ಏಳು ವರ್ಷಕ್ಕೆ 24,780. ದರ ಏರದಿದ್ದರೆ ಮಾತ್ರ ಇಷ್ಟು.

ಸಿಮ್ ಮತ್ತು ಸರ್ವರ್‌ಗೆ ಕಂಪನಿಗೂ ಪ್ರತಿ ವರ್ಷ ಖರ್ಚಿದೆ, ಆ ಹಣ ಕೇಳುವುದು ನ್ಯಾಯವೇ. ಗಾಡಿಯಲ್ಲಿ ಆಗಲೇ ಕೂತಿರುವ ಸಾಮಾನಿಗೆ ಬೀಗ ಹಾಕಿ ಬಾಡಿಗೆ ಕೇಳುವುದು ನ್ಯಾಯವಲ್ಲ. ಬಿಎಂಡಬ್ಲ್ಯೂ 2022ರಲ್ಲಿ ಬ್ರಿಟನ್, ದಕ್ಷಿಣ ಕೊರಿಯಾ ಮೊದಲಾದ ಕಡೆ ಬಿಸಿಯಾಗುವ ಸೀಟಿಗೆ ತಿಂಗಳ ಚಂದಾ ಇಟ್ಟಿತು, ಬ್ರಿಟನ್‌ನಲ್ಲಿ 15 ಪೌಂಡ್. ಜನ ಸಿಡಿದೆದ್ದರು, 2023ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಫೋಕ್ಸ್‌ವ್ಯಾಗನ್ 2025ರಲ್ಲಿ ಬ್ರಿಟನ್‌ನಲ್ಲಿ ಐಡಿ.3 ಕಾರಿನ ಪೂರ್ತಿ ಶಕ್ತಿ ಬೇಕಿದ್ದರೆ ತಿಂಗಳಿಗೆ 16.50 ಪೌಂಡ್ ಎಂದಿತು. ಹಿಡಿಕೆಯ ಎನ್‌ಎಫ್‌ಸಿ ಕೀ ಕೂಡ ಹೀಗೆ ಗಾಡಿಯಲ್ಲಿ ಆಗಲೇ ಕೂತಿರುವ ಸಾಮಾನೇ. ಅದಕ್ಕೆ ವರ್ಷವರ್ಷ ಹಣ ಕೇಳಿದರೆ ಒಪ್ಪಬೇಡಿ.

ಬುಕಿಂಗ್ ಫಾರ್ಮ್ ಮೇಲೆ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಉಚಿತ ಅವಧಿ ಎಷ್ಟು, ಅದು ಬಿಲ್ ದಿನದಿಂದಲೋ ಆ್ಯಪ್ ಚಾಲೂ ಮಾಡಿದ ದಿನದಿಂದಲೋ, ನಂತರದ ಇಂದಿನ ದರ ಎಷ್ಟು, ಚಂದಾ ನಿಂತರೆ ಡಿಜಿಟಲ್ ಕೀ ಮತ್ತು ಎಸ್‌ಒಎಸ್ ಏನಾಗುತ್ತವೆ, ಗಾಡಿ ಮಾರಿದರೆ ಚಂದಾ ವರ್ಗವಾಗುತ್ತದೆಯೇ, ನವೀಕರಣ ತಾನಾಗಿಯೇ ಆಗುತ್ತದೆಯೇ. ಗಾಡಿ ಒಪ್ಪಿಸಿಕೊಳ್ಳುವ ದಿನ ಮೇಲೆ ಹೇಳಿದ ಫ್ಲೈಟ್ ಮೋಡ್ ಪರೀಕ್ಷೆಯನ್ನು ಶೋರೂಂ ಅಂಗಳದಲ್ಲೇ ಮಾಡಿ.

ಪ್ರಶ್ನೆ: ‘ಲೈಫ್‌ಟೈಮ್ ಫ್ರೀ’ ಎಂದು ಹೇಳಿ ಕಾರು ಕೊಟ್ಟರು. ಈಗ ಹಣ ಕೇಳುತ್ತಿದ್ದಾರೆ. ಎಲ್ಲಿ ದೂರು ಕೊಡಬೇಕು?
– ಓದುಗರು, ಜಮಖಂಡಿ

ಉತ್ತರ: ಬ್ರೋಷರ್, ವಾಟ್ಸ್ಆ್ಯಪ್ ಸಂದೇಶ, ಕೊಟೇಶನ್, ಬಿಲ್ ಇವುಗಳಲ್ಲಿ ಆ ಮಾತು ಎಲ್ಲಿದೆ ಹುಡುಕಿ. ಬರಹದಲ್ಲಿದ್ದರೆ ಡೀಲರ್‌ಗೂ ಕಂಪನಿಗೂ ಒಂದೇ ಇಮೇಲ್ ಕಳಿಸಿ, ಉತ್ತರಕ್ಕೆ 15 ದಿನ ಗಡುವು ಕೊಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಕಾರು ಬೆಳಗಾವಿಯಲ್ಲಿ ಕೊಂಡಿದ್ದರೂ ಬಾಗಲಕೋಟೆಯಲ್ಲೇ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಬರೀ ಬಾಯಿಮಾತಾಗಿದ್ದರೆ ಗೆಲ್ಲುವುದು ಕಷ್ಟ, ಆದರೂ 1915ಕ್ಕೆ ದೂರು ಕೊಡುವುದನ್ನು ಬಿಡಬೇಡಿ.

ಪ್ರಶ್ನೆ: ಕಾರಿನೊಳಗಿನ ಸಿಮ್‌ಗೆ ನಾವೇ ರೀಚಾರ್ಜ್ ಮಾಡಲು ಬರುವುದಿಲ್ಲವೇ?
– ಓದುಗರು, ಇಂಡಿ

ಉತ್ತರ: ಬರುವುದಿಲ್ಲ. ಅದು ಕಂಪನಿಯ ಹೆಸರಿನಲ್ಲಿರುವ, ಬೋರ್ಡಿಗೇ ಬೆಸೆದ ಇ-ಸಿಮ್. ಯಂತ್ರಗಳಿಗೆಂದೇ ಇರುವ 13 ಅಂಕಿಯ ನಂಬರಿನದು. ಗಾಡಿಯ ಜಾಗ ತಿಳಿದರೆ ಸಾಕು ಎನ್ನುವವರು ಹೊರಗಿನ ಜಿಪಿಎಸ್ ಟ್ರ್ಯಾಕರ್ ಹಾಕಿಸಬಹುದು, ಅದರ ಸಿಮ್‌ನ ರೀಚಾರ್ಜ್ ನಿಮ್ಮ ಕೈಯಲ್ಲೇ ಇರುತ್ತದೆ. ಹಾಕಿಸುವಾಗ ವೈರಿಂಗ್ ಕತ್ತರಿಸಲು ಬಿಡಬೇಡಿ, ವಾರಂಟಿಗೆ ತಕರಾರು ಬರುತ್ತದೆ. ಫ್ಯೂಸ್ ಟ್ಯಾಪ್‌ನಿಂದ (ವೈರ್ ಕತ್ತರಿಸದೆ ಫ್ಯೂಸ್ ಪೆಟ್ಟಿಗೆಯಿಂದ ಕರೆಂಟ್ ತೆಗೆಯುವ ಸಣ್ಣ ಜೋಡಣೆ) ಕರೆಂಟ್ ಕೊಡಿಸಿ, ಟ್ರ್ಯಾಕರ್‌ಗೆ ಅದರದೇ ಫ್ಯೂಸ್ ಇರಲಿ. ದೂರದಿಂದ ಎಂಜಿನ್ ನಿಲ್ಲಿಸುವ ರಿಲೇ (ವಿದ್ಯುತ್ ಸ್ವಿಚ್) ಇರುವ ಟ್ರ್ಯಾಕರ್ ಬೇಡ. ಓಡುತ್ತಿರುವ ಗಾಡಿ ಹೆದ್ದಾರಿಯಲ್ಲಿ ಆರಿದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ.