ಅವ್ವನನ್ನು ಕೇಳದೆ ಕ್ಷಮಿಸಿದ ಕಥೆ

ಪಾಂಡವಪುರದ ಕಡೆಯಿಂದ ಕಥೆ ಕಳಿಸಿದ ತಂಗಿಗೆ, ನಮಸ್ಕಾರ.

ನಿಮ್ಮ ನೀಳ್ಗತೆಯನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೂ ಇಷ್ಟುದ್ದ ಬರೆಯುತ್ತಿದ್ದೇನೆ ಅಂದರೆ, ನಿಮಗೆ ಬರೆಯಲು ಬರುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹೊಸದಾಗಿ ಬರೆಯುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಉತ್ತರವನ್ನು ಇಲ್ಲೇ ಹಾಕುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ.

ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಮಂಡ್ಯ ಜಿಲ್ಲೆಯಲ್ಲಿ, ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ನೀರು ಹರಿಯುವ ವಿ.ಸಿ. ನಾಲೆ ಪಕ್ಕದ ಒಂದು ಹಳ್ಳಿ. ರತ್ನಳ ಅಪ್ಪ ಆಲೆಮನೆ ಇಟ್ಟವನು. ಸಾಲ ಏರುತ್ತದೆ, ಕುಡಿತ ಏರುತ್ತದೆ, ಅವ್ವನಿಗೆ ಏಟು ಬೀಳುತ್ತದೆ. 2015ರಲ್ಲಿ ಆಲೆಮನೆ ಮುಚ್ಚುತ್ತದೆ. ರತ್ನ ತಾನು ಪ್ರೀತಿಸಿದ ಹುಡುಗನ ಜೊತೆ ಮೈಸೂರಿಗೆ ಓಡಿಹೋಗಿ ಗಾರ್ಮೆಂಟ್ಸ್ ಸೇರುತ್ತಾಳೆ. ಹುಡುಗ ಕೈಬಿಡುತ್ತಾನೆ. ಕೆಲವು ವರ್ಷದ ಮೇಲೆ ಊರಿಗೆ ಬಂದರೆ ಅಪ್ಪನ ಲಿವರ್ ಹೋಗಿದೆ. ಮೇಲುಕೋಟೆ ಬೆಟ್ಟದ ಮೇಲೆ ಹೊತ್ತು ಮುಳುಗುವಾಗ ಅಪ್ಪ ಅಳುತ್ತಾನೆ, ಮಗಳು ಕ್ಷಮಿಸುತ್ತಾಳೆ, ಮಳೆ ಸುರಿಯುತ್ತದೆ, ಕನ್ನಂಬಾಡಿ ಕಟ್ಟೆ ತುಂಬುತ್ತದೆ. ಕೊನೆಯ ಸಾಲು, 'ಅವಳಿಗೆ ಸ್ವರ್ಗ ಸಿಕ್ಕಿತ್ತು.'

ಆ ಕೊನೆಯ ಸಾಲನ್ನು ನನಗೆ ನಂಬಲು ಆಗಲಿಲ್ಲ. ಯಾಕೆ ಅಂತ ಹೇಳುವ ಮೊದಲು ನಿಮ್ಮ ಏಳನೇ ಪುಟಕ್ಕೆ ಹೋಗೋಣ. ಇಡೀ ಕಥೆಯಲ್ಲಿ ನಾನು ಎರಡು ಸಲ ಓದಿದ ಪುಟ ಅದು.

ರತ್ನಳಿಗೆ ಆಗ ಎಂಟು ವರ್ಷ. ಆಲೆಮನೆಯಲ್ಲಿ ರಾತ್ರಿ. ಗಾಣದಿಂದ ಕಬ್ಬಿನ ಹಾಲು ಬಂದು ಕೊಪ್ಪರಿಗೆ ತುಂಬುತ್ತಿದೆ. ಒಲೆಗೆ ಒಣಗಿದ ಸಿಪ್ಪೆ ತುರುಕುತ್ತಿದ್ದಾರೆ. ಸುಣ್ಣ ಬಿದ್ದ ಮೇಲೆ ಮಡ್ಡಿ ಮೇಲಕ್ಕೆ ಬರುತ್ತದೆ, ಅಪ್ಪ ಅದನ್ನು ತೆಗೆದು ತೆಗೆದು ಆಚೆ ಹಾಕುತ್ತಾನೆ. ಪಾಕ ಬಂತಾ ಅಂತ ನೋಡಲು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಆಮೇಲೆ ಕಬ್ಬಿನ ತುಂಡೊಂದನ್ನು ಪಾಕಕ್ಕೆ ಅದ್ದಿ, ಊದಿ ಊದಿ ಆರಿಸಿ, ಮಗಳ ಕೈಗೆ ಕೊಡುತ್ತಾನೆ. 'ಅವ್ವನ್ಗೂ ಒಂದು' ಅನ್ನುತ್ತಾಳೆ ಮಗಳು. ಇನ್ನೊಂದು ಅದ್ದಿ ಕೊಡುತ್ತಾನೆ. ಆ ಇನ್ನೊಂದು ತುಂಡು ಮನೆ ಮುಟ್ಟುವುದಿಲ್ಲ. ದಾರಿಯಲ್ಲಿ ಅಪ್ಪ ಬ್ರಾಂದಿ ಅಂಗಡಿಗೆ ನುಗ್ಗುತ್ತಾನೆ. ಮಗಳು ಹೊರಗೆ ಕಲ್ಲಿನ ಮೇಲೆ ಕೂತು, ನಿದ್ದೆಗಣ್ಣಿನಲ್ಲಿ, ಅವ್ವನ ಪಾಲನ್ನೂ ನೆಕ್ಕಿ ಮುಗಿಸುತ್ತಾಳೆ.

ತಂಗೀ, ನೀವು ಹುಡುಕುತ್ತಿರುವ ಸ್ವರ್ಗ ಬೆಟ್ಟದ ಮೇಲಿಲ್ಲ. ಈ ಪುಟದಲ್ಲಿದೆ. ಕುಡಿಯದ ಒಬ್ಬ ಅಪ್ಪ, ಸುಡದ ಹಾಗೆ ಊದಿಕೊಟ್ಟ ಬೆಲ್ಲ. ಅದು ಕೈತಪ್ಪುವುದೂ ಇದೇ ಪುಟದಲ್ಲಿ. ಅವ್ವನಿಗೆ ಬರಬೇಕಾದದ್ದು ಅವ್ವನಿಗೆ ಬರಲಿಲ್ಲ ಅನ್ನುವುದನ್ನು ಒಂದು ವಿವರಣೆಯೂ ಇಲ್ಲದೆ ಹೇಳಿಬಿಟ್ಟಿದ್ದೀರಿ. ಇಷ್ಟು ಚೆನ್ನಾಗಿ ಕಂಡ ಮೇಲೆ, ಉಳಿದ ಪುಟಗಳಲ್ಲಿ ಅವ್ವನನ್ನು ಹೇಗೆ ಮರೆತಿರಿ?

ನನ್ನ ಮುಖ್ಯ ತಕರಾರು ಇದೇ. ಅಪ್ಪ ಹೊಡೆದದ್ದು ಯಾರಿಗೆ? ಅವ್ವನಿಗೆ. ಮೂಳೆ ಮುರಿದದ್ದು ಅವಳ ಕೈಯದು. ಅಡವಿಟ್ಟದ್ದು ಅವಳ ಓಲೆ, ಅವಳ ತಾಳಿಯ ಗುಂಡು. ಕ್ಷಮಿಸಿದವಳು ಮಾತ್ರ ಮಗಳು. ಆ ಹೊತ್ತಿನಲ್ಲಿ ಅವ್ವ ಎಲ್ಲಿದ್ದಳು ಅಂತ ಹುಡುಕಿದೆ. 'ಅವ್ವ ಕೆಳಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದಳು' ಅಂತ ಒಂದೇ ಸಾಲು ಸಿಕ್ಕಿತು. ಮಗಳಿಗೂ ಅವಳ ಪಾಲಿನ ನೋವಿದೆ. ಅದನ್ನು ಅವಳು ಬಿಟ್ಟುಕೊಡಬಹುದು. ಅವ್ವನ ಪಾಲಿನದನ್ನು ಬಿಟ್ಟುಕೊಡಲು ಮಗಳಿಗೆ ಹಕ್ಕಿಲ್ಲ. ಲೇಖಕಿಗಂತೂ ಮೊದಲೇ ಇಲ್ಲ.

ನಿಮ್ಮದೇ ಹನ್ನೆರಡನೇ ಪುಟ ನೋಡಿ. ಅವ್ವ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಸಂಜೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರುತ್ತದೆ. ಹಿರೀಕರು ಅಪ್ಪನಿಗೆ ನಾಲ್ಕು ಮಾತು ಬೈದು, ಕೊನೆಗೆ ಅವ್ವನ ಕಡೆ ತಿರುಗಿ, 'ಹೆಣ್ಮಗಳಿರೋ ಮನೆ, ಹೊಂದ್ಕಂಡು ಹೋಗವ್ವ' ಅನ್ನುತ್ತಾರೆ. ಆ ಪುಟವನ್ನು ನೀವು ಸಿಟ್ಟಿನಿಂದ ಬರೆದಿದ್ದೀರಿ, ಆ ಸಿಟ್ಟು ನ್ಯಾಯವಾದದ್ದು. ಅಲ್ಲಿ ಯಾರಿಗೂ ಅವ್ವನ ಉತ್ತರ ಬೇಕಿರಲಿಲ್ಲ, ಪಂಚಾಯ್ತಿ ಮುಗಿದರೆ ಸಾಕಿತ್ತು. ಬೆಟ್ಟದ ಮೇಲೆ ರತ್ನ ಮಾಡಿದ್ದೂ ಅದನ್ನೇ ಅಲ್ವಾ? ಅವಳಿಗೆ ನೆಮ್ಮದಿ ಬೇಕಿತ್ತು, ಅವ್ವನನ್ನು ಕೇಳದೆ ಪಡೆದುಕೊಂಡಳು. ಇದು ನಿಮ್ಮ ಗಮನಕ್ಕೆ ಬಂದಿಲ್ಲ ಅಂತ ಕಾಣುತ್ತದೆ. ಬಂದಿದ್ದರೆ ಅಲ್ಲಿ ಮಳೆ ತರಿಸುತ್ತಿರಲಿಲ್ಲ.

ಅಪ್ಪನ ಸಾಲದ ವಿಷಯ. ಬೆಲ್ಲದ ರೇಟು ಬಿದ್ದದ್ದು, ಬಡ್ಡಿಗೆ ಬಡ್ಡಿ ಬೆಳೆದದ್ದು, ಇವನ್ನೆಲ್ಲ ಚೆನ್ನಾಗಿ ಕಟ್ಟಿದ್ದೀರಿ. 2015ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಒಂದರ ಹಿಂದೆ ಒಂದು ಬಂದದ್ದು ಓದುಗರಿಗೆ ನೆನಪಿದೆ. ಆ ಭಯ ನಿಮ್ಮ ಪುಟಗಳಲ್ಲಿ ನಿಜವಾಗಿಯೂ ಇದೆ. ಆದರೆ ಪ್ರತಿ ಏಟಿನ ಮುಂದೆಯೂ ಸಾಲದ ಲೆಕ್ಕ ಇಟ್ಟಿದ್ದೀರಿ. ಸೊಸೈಟಿ ನೋಟಿಸ್ ಬಂತು, ಹೊಡೆದ. ಗಾಣದ ಮೋಟಾರು ಸುಟ್ಟಿತು, ಹೊಡೆದ. ಓದುತ್ತಾ ಹೋದರೆ ಹೊಡೆದದ್ದು ಸಾಲವೇ ಹೊರತು ಅವನಲ್ಲ ಅನ್ನಿಸುತ್ತದೆ. ಅದೇ ಊರಿನಲ್ಲಿ ಸಾಲ ಇಲ್ಲದ ಮನೆ ಯಾವುದಿತ್ತು? ಎಲ್ಲರೂ ಹೆಂಡತಿಯ ಕೈ ಮುರಿದರಾ? ಅವನ ಕಷ್ಟವನ್ನು ಬರೆಯಿರಿ, ಪೂರ್ತಿ ಬರೆಯಿರಿ. ಅವನ ತಪ್ಪನ್ನು ಅದರಡಿ ಮುಚ್ಚಬೇಡಿ. ತಪ್ಪು ಅವನದೇ ಆಗಿ ಉಳಿದರೆ ಮಾತ್ರ ಕ್ಷಮಿಸುವುದಕ್ಕೆ ಏನಾದರೂ ಇರುತ್ತದೆ.

ಇನ್ನು ಅವನು ಕುಡಿತ ಬಿಟ್ಟ ರೀತಿ. ಮೇಲುಕೋಟೆಯ ಚೆಲುವನಾರಾಯಣನ ಮುಂದೆ ಆಣೆ ಇಟ್ಟ, ಮಾರನೇ ದಿನದಿಂದ ಬಿಟ್ಟ, ಅಷ್ಟೆ. ದೇವರ ಮೇಲೆ ಆಣೆ ಇಟ್ಟು ಬಿಟ್ಟವರು ಇಲ್ಲ ಅನ್ನುವುದಿಲ್ಲ. ಆದರೆ ವರ್ಷಗಟ್ಟಲೆ ದಿನಾ ಕುಡಿದ ದೇಹ ಸುಮ್ನೆ ಬಿಡುವುದಿಲ್ಲ. ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಬಾಯಿಗೆ ಬಂದದ್ದು ಮಾತಾಡುತ್ತಾರೆ, ಜೀವಕ್ಕೂ ಅಪಾಯ ಆಗಬಹುದು. ಅಂಥವರನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಸೇರಿಸಬೇಕಾಗುತ್ತದೆ. ಇದನ್ನು ಬರೀ ವೈದ್ಯಕೀಯ ವಿವರ ಅಂತ ಹೇಳುತ್ತಿಲ್ಲ. ಆ ರಾತ್ರಿಗಳಲ್ಲಿ ವಾರ್ಡಿನಲ್ಲಿ ಅವನ ಪಕ್ಕ ಯಾರು ಕೂತರು? ಮುರಿದು ಕೂಡಿದ ಅದೇ ಕೈಯಿಂದ ಅವನ ಬಾಯಿಗೆ ನೀರು ಹಾಕಿದವರು ಯಾರು? ಅವ್ವನೇ ಇರಬೇಕು. ಅಥವಾ ಅವ್ವ ಬರಲು ಒಪ್ಪಲಿಲ್ಲವೋ? ಎರಡರಲ್ಲಿ ಯಾವುದಾದರೂ ಕಥೆ ಅಲ್ಲಿದೆ. ಆ ಮೂರು ರಾತ್ರಿ ಬಿಟ್ಟು ನೇರ ಬೆಟ್ಟಕ್ಕೆ ಹೋಗಿದ್ದೀರಿ.

ಅಪ್ಪ ಅತ್ತ ಅನ್ನುವುದೂ ಸಾಲದು. ಕುಡಿತದಿಂದ ಹೊರಬರುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಕೂಟ 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅವರ 12 ಹೆಜ್ಜೆಗಳಲ್ಲಿ 8ನೆಯದು, ಯಾರು ಯಾರಿಗೆ ಕೇಡು ಮಾಡಿದ್ದೇವೆ ಅಂತ ಪಟ್ಟಿ ಮಾಡುವುದು. 9ನೆಯದು, ಆದಷ್ಟು ಮಟ್ಟಿಗೆ ಅವರ ಹತ್ತಿರವೇ ಹೋಗಿ ಅದನ್ನು ಸರಿಮಾಡುವುದು. ಹೋದರೆ ಅವರಿಗೋ ಬೇರೆಯವರಿಗೋ ನೋವಾಗುವ ಹಾಗಿದ್ದರೆ ಹೋಗಬಾರದು ಅಂತಲೂ ಅದರಲ್ಲೇ ಇದೆ. ಇದನ್ನು ಯೋಚಿಸಿದವರು ಕುಡಿದು ಕೆಟ್ಟವರೇ. ಪಟ್ಟಿ ಮಾಡು ಅಂದರೆ ನಿಮ್ಮ ಅಪ್ಪನ ಪಾತ್ರ ಏನು ಬರೆದಾನು? ಓಲೆಯನ್ನು ಬಿಡಿಸಿ ತರುತ್ತಾನಾ? ನಡುಗುವ ಕೈಯಲ್ಲಿ ಒಂದು ದಿನ ಮುದ್ದೆ ತಿರುವುತ್ತಾನಾ? ಅವ್ವ ಅದನ್ನು ಮುಟ್ಟದೆ ಎದ್ದು ಹೋದರೆ ಏನು ಮಾಡುತ್ತಾನೆ? ಅವನಿಗೆ ಒಂದು ಕೆಲಸ ಕೊಡಿ. ಕಣ್ಣೀರು ಆಮೇಲೆ ಬಂದರೂ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ.

ಪಾತ್ರಗಳ ಮಾತಿನ ಬಗ್ಗೆ ಒಂದು ವಿಷಯ. ಹನ್ನೆರಡನೇ ಪುಟದ ಹಿರೀಕರು ಮಂಡ್ಯದವರ ಹಾಗೆ ಮಾತಾಡುತ್ತಾರೆ. ಬೆಟ್ಟದ ಮೇಲೆ ರತ್ನ 'ತಂದೆಯೇ, ನಿನ್ನ ಎಲ್ಲ ಅಪರಾಧಗಳನ್ನೂ ನಾನು ಮನ್ನಿಸಿರುವೆ' ಅನ್ನುತ್ತಾಳೆ. ಇದು ನಾಟಕದ ಮಾತು. 'ಆಗಿದ್ದಾಯ್ತು ಬುಡಪ್ಪ, ಎದ್ದು ಉಣ್ಣು' ಅಂದಿದ್ದರೆ ನಾನು ನಂಬುತ್ತಿದ್ದೆ. ಅಷ್ಟೂ ಹೇಳಲಾಗದೆ ತಟ್ಟೆ ತಂದಿಟ್ಟು ಹೋಗಿದ್ದರೆ ಇನ್ನೂ ಜಾಸ್ತಿ ನಂಬುತ್ತಿದ್ದೆ.

ಮೈಸೂರಿನ ಭಾಗಕ್ಕೆ ಹೆಚ್ಚು ಹೇಳುವುದಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಡಿಸುವುದು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು, ಇವು ಯಾರ ಪ್ರೀತಿಗಾದರೂ ಹೊಂದುತ್ತವೆ, ತೆಗೆಯಿರಿ. ಕುಂಬಾರಕೊಪ್ಪಲಿನ ಬಾಡಿಗೆ ರೂಮಿನ ಪುಟ ಮಾತ್ರ ಉಳಿಸಿಕೊಳ್ಳಿ. ನಸುಕಿನಲ್ಲಿ ಬೀದಿ ನಲ್ಲಿಗೆ ನೀರು ಬರುತ್ತದೆ. ಅವಳ ಶಿಫ್ಟು ತಪ್ಪದಿರಲಿ ಅಂತ ಅವನೇ ಎದ್ದು ಬಿಂದಿಗೆ ತುಂಬಿಸಿಡುತ್ತಾನೆ. ಬಿಟ್ಟುಹೋದ ದಿನವೂ ಎರಡು ಬಿಂದಿಗೆ ತುಂಬಿತ್ತು. ಅವನು ಮೋಸಗಾರ ಅಂತ ನೀವು ಎರಡು ಪ್ಯಾರಾದಲ್ಲಿ ಬೈದಿದ್ದೀರಿ. ಆ ಬೈಗುಳ ತೆಗೆದು, ತುಂಬಿದ ಬಿಂದಿಗೆಗಳನ್ನು ರತ್ನ ಏನು ಮಾಡಿದಳು ಅಂತ ಬರೆಯಿರಿ. ಪ್ರೀತಿಯೂ ದ್ರೋಹವೂ ಒಬ್ಬನಲ್ಲೇ ಇದ್ದವು ಅನ್ನುವುದು ಅವಳಿಗೆ ಅಲ್ಲಿ ಗೊತ್ತಾದರೆ, ಅಪ್ಪನನ್ನು ನೋಡುವ ಕಣ್ಣೂ ಬದಲಾಗುತ್ತದೆ.

ಕೆಲವು ಸಂಗತಿಗಳು ತಪ್ಪಾಗಿವೆ. ಕನ್ನಂಬಾಡಿಯ ನೀರು 130 ಅಡಿ ಮುಟ್ಟಿತು ಅಂತ ಬರೆದಿದ್ದೀರಿ. ಅದರ ಗರಿಷ್ಠ ಮಟ್ಟ 124.80 ಅಡಿ. ಮಂಡ್ಯದಲ್ಲಿ ಪೇಪರ್ ಓದುವ ಯಾರನ್ನು ಕೇಳಿದರೂ ಹೇಳುತ್ತಾರೆ. ಕಟ್ಟೆ ತುಂಬುವುದು ಕೊಡಗಿನ ಮಳೆಗೆ, ಮೇಲುಕೋಟೆಯಲ್ಲಿ ಒಂದು ಸಂಜೆ ಸುರಿದ ಮಳೆಗಲ್ಲ. ರತ್ನಳ ಮುತ್ತಜ್ಜ 1915ರಲ್ಲಿ ನಾಲೆ ನೀರಿಗೆ ಕಬ್ಬು ಹಾಕಿದ ಅನ್ನುವುದೂ ಆಗದ ಮಾತು. ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ, ನಾಲೆಗೆ ನೀರು ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. 2019ರಲ್ಲಿ ರತ್ನ ಬೆಂಗಳೂರು-ಮೈಸೂರು ದಶಪಥದ ಹೆದ್ದಾರಿಯಲ್ಲಿ ಊರಿಗೆ ಬರುವುದೂ ಸಾಧ್ಯವಿಲ್ಲ. ಅದು ಉದ್ಘಾಟನೆಯಾದದ್ದು 2023ರಲ್ಲಿ. ಹಳೇ ರೋಡಿನಲ್ಲಿ, ಶ್ರೀರಂಗಪಟ್ಟಣದ ಮೇಲೆ ಕರೆದುಕೊಂಡು ಬನ್ನಿ. ಇಂಥ ಕಡೆ ಓದುಗರ ನಂಬಿಕೆ ಕಳೆದುಕೊಂಡರೆ, ದೊಡ್ಡ ಮಾತು ಹೇಳುವಾಗ ಅದು ವಾಪಸ್ ಸಿಗುವುದಿಲ್ಲ.

ಮುಕ್ತಾಯಕ್ಕೆ ಒಂದು ಸಲಹೆ. ಇಷ್ಟವಾಗದಿದ್ದರೆ ಬಿಟ್ಟುಬಿಡಿ. ಅಪ್ಪ ಸತ್ತ ವರ್ಷದ ಪಕ್ಷದ ಬಗ್ಗೆ ನೀವು ಒಂದು ಪ್ಯಾರಾ ಬರೆದು, ಗೀಟು ಹಾಕಿ ಹೊಡೆದುಹಾಕಿದ್ದೀರಿ. ಗೀಟಿನ ಕೆಳಗೆ ಓದಿದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಕಡೆ ಹಿರೀಕರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಬಾಡಿನ ಸಾರು, ವಡೆ, ಸತ್ತವರಿಗೆ ಏನು ಇಷ್ಟವಿತ್ತೋ ಅದು. ಬೀಡಿ ಸೇದುತ್ತಿದ್ದವರಿಗೆ ಬೀಡಿ ಇಡುತ್ತಾರೆ. ಕುಡಿಯುತ್ತಿದ್ದವರಿಗೆ ಬಾಟಲಿಯನ್ನೂ ಇಡುವುದುಂಟು. ಈಗ ಹೇಳಿ, ನಿಮ್ಮ ಅವ್ವ ಏನು ಮಾಡುತ್ತಾಳೆ? ಮೈದುನ ತಂದ ಬಾಟಲಿಯನ್ನು ಎಡೆಗೆ ಇಡಲು ಬಿಡುತ್ತಾಳಾ? ಎತ್ತಿ ಹಿತ್ತಿಲಿಗೆ ಎಸೆಯುತ್ತಾಳಾ? ಅಡುಗೆ ಎಲ್ಲ ಮಾಡಿಟ್ಟು, ಕೈಮುಗಿಯುವ ಹೊತ್ತಿಗೆ ಹೊರಗೆ ಜಗಲಿ ಮೇಲೆ ಹೋಗಿ ಕೂರುತ್ತಾಳಾ? ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ, ಗೊತ್ತಿರಲೂ ಬಾರದು. ನಿಮಗೆ ಗೊತ್ತಾಗಬೇಕು, ಅವಳ ಜೊತೆ ಆ ಅಡುಗೆಮನೆಯಲ್ಲಿ ನಿಂತು ಬರೆದರೆ ಗೊತ್ತಾಗುತ್ತದೆ. ಅವಳು ಕೊನೆಗೂ ಕ್ಷಮಿಸಲಿಲ್ಲ ಅಂತಾದರೆ ಹಾಗೇ ಬರೆಯಿರಿ. ಕ್ಷಮಿಸದ ಅವ್ವನನ್ನೂ ಓದುಗರು ಪ್ರೀತಿಸುತ್ತಾರೆ, ಹೆದರಬೇಡಿ.

ತಿದ್ದಿದ ಪ್ರತಿಯನ್ನು ಯುನಿಕೋಡ್‌ನಲ್ಲಿ ಕಳಿಸಿ. ಆತುರ ಬೇಡ, ಸುಗ್ಗಿ ಕೆಲಸ ಮುಗಿಸಿಕೊಂಡೇ ಕಳಿಸಿದರೂ ಸರಿ. ನಿಮ್ಮ ಕಥೆಯ ಶೀರ್ಷಿಕೆಯಲ್ಲಿರುವ 'ಸ್ವರ್ಗ' ತೆಗೆಯಬೇಕೋ ಬೇಡವೋ ಅನ್ನುವುದನ್ನು ಹೊಸ ಪ್ರತಿ ಓದಿದ ಮೇಲೆ ಕೂತು ಮಾತಾಡೋಣ. ಏಳನೇ ಪುಟವನ್ನು ಮಾತ್ರ ಒಂದಕ್ಷರವೂ ತಿದ್ದಬೇಡಿ.