ಎರಡು ವರ್ಷದ ದಾಳಿಂಬೆಗೆ ಕತ್ತರಿ ಹಾಕುವ ಮುನ್ನ
ನಮಸ್ಕಾರ್ರಿ. ಜಮಖಂಡಿ ಹತ್ತಿರ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಎರಡು ವರ್ಷದ ಭಗವಾ ತಳಿಯ ದಾಳಿಂಬೆ ಗಿಡ ಇವೆ, ಏಳು ಅಡಿ ಬೆಳೆದರೂ ಹೂವಿಲ್ಲ, ತಲೆ ಅರ್ಧಕ್ಕೆ ಕಡಿಯಲೇ ಅಂತ ಕೇಳಿದ್ದೀರಿ.

ದಯವಿಟ್ಟು ಅರ್ಧಕ್ಕೆ ಕಡಿಯಬೇಡಿ. ದಾಳಿಂಬೆ ಹೂ ಬರುವುದು ಬಲಿತ ಕೊಂಬೆಯ ಮೇಲಿನ ಗಿಡ್ಡ ಕಡ್ಡಿಗಳ ತುದಿಯಲ್ಲಿ. ಅವೇ ಹೋದರೆ ಗಿಡ ಮತ್ತೆ ಬರೀ ಚಿಗುರನ್ನೇ ಕೊಡುತ್ತದೆ.

ಮೊದಲು ಬುಡ ನೋಡಿ. ಗಟ್ಟಿಯಾದ ಮೂರ್ನಾಲ್ಕು ಕಾಂಡ ಉಳಿಸಿ, ಬುಡದಿಂದ ನೆಟ್ಟಗೆ ಏಳುವ ಚಿಗುರನ್ನೆಲ್ಲ ಎಳೆಯದಾಗಿದ್ದಾಗಲೇ ಕಿತ್ತುಬಿಡಿ. ಗಿಡದ ಊಟವನ್ನೆಲ್ಲ ಅವೇ ತಿನ್ನುತ್ತವೆ. ಒಳಗೆ ಒಂದಕ್ಕೊಂದು ತಿಕ್ಕುವ ಕಡ್ಡಿ, ಒಣಗಿದ್ದು ತೆಗೆಯಿರಿ. ನಡುವೆ ಬಿಸಿಲು ಇಳಿಯಬೇಕು. ತುದಿಯನ್ನು ಗೇಣುದ್ದ ಚಿವುಟಿದರೆ ಸಾಕು.

ಹೂವಿಲ್ಲದ್ದಕ್ಕೆ ಯೂರಿಯಾ, ನೀರು ಜಾಸ್ತಿ ಆಗಿದ್ದೂ ಕಾರಣ ಇರಬಹುದು, ಅಲ್ವಾ? ಬಹಾರ (ಗಿಡಕ್ಕೆ ಹೂ ಬರಿಸುವ ಹಂಗಾಮು) ಹಿಡಿಯುವ ಮುಂಚೆ ನೀರು ನಿಲ್ಲಿಸಿ, ಎಲೆ ಹಳದಿಯಾಗಿ ಉದುರಲು ಬಿಡಿ. ಎರೆ ಮಣ್ಣು ತೇವ ಬಿಡಲು ತಡ ಮಾಡುತ್ತದೆ, ಅವಸರ ಬೇಡ. ಆಮೇಲೆ ಗೊಬ್ಬರ ಕೊಟ್ಟು, ನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ನಾನಾದರೆ ಮಳೆಗಾಲದ ಮೃಗ ಬಹಾರ ಬಿಟ್ಟು, ಸೆಪ್ಟೆಂಬರ್-ಅಕ್ಟೋಬರ್‌ನ ಹಸ್ತ ಬಹಾರವನ್ನೇ ಹಿಡಿಯುತ್ತೇನೆ. ಮಳೆಯಲ್ಲಿ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗದ ಕಾಟ ಹೆಚ್ಚು.

ಆ ರೋಗ ಕತ್ತರಿಯಿಂದಲೂ ಹರಡುತ್ತದೆ. ಪ್ರತಿ ಗಿಡ ಮುಗಿದ ಮೇಲೆ ಕತ್ತರಿಯನ್ನು ರೋಗಾಣು ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಕಡಿದ ಕಡ್ಡಿ ಹೊಲದಲ್ಲಿ ಬಿಡದೆ ಸುಡಿ. ಅದೇ ದಿನ 1% ಬೋರ್ಡೋ ದ್ರಾವಣ ಹೊಡೆಯಿರಿ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ.

ಎಲೆ ಮೇಲೆ ಎಣ್ಣೆ ಬಿದ್ದಂಥ ಕಲೆ ಆ ರೋಗದ ಗುರುತು, ಕಂಡರೆ ಫೋಟೋ ಹಾಕಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ನಿಮಗೆ ದೂರವಿಲ್ಲ, ಒಂದು ಕೊಂಬೆ ಒಯ್ದು ತೋರಿಸಿ.