ಅಡ್ವಾನ್ಸ್ ತೀರುವವರೆಗೆ ಬಿಡುವುದಿಲ್ಲ ಅಂದರೆ ಅದು ಮಾನವ ಕಳ್ಳಸಾಗಣೆ ಆಗುತ್ತಾ?

ಮಾಲೂರು ಕಡೆಯ ಇಟ್ಟಿಗೆ ಗೂಡಿನಲ್ಲಿ ಒಡಿಶಾದ ಕುಟುಂಬವೊಂದನ್ನು ಅಡ್ವಾನ್ಸ್ ತೀರಿಸಿ ಹೋಗಿ ಅಂತ ತಡೆದಿದ್ದಾರೆ, ಮಾಲೀಕರು 'ಅವರೇ ಒಪ್ಪಿ ಬಂದೋರು' ಅನ್ನುತ್ತಾರೆ, ಕಾನೂನಿನಲ್ಲಿ ದಾರಿ ಇದೆಯಾ ಅಂತ ಕೇಳಿದ್ದೀರಿ. ನಾನು ಕೋಲಾರದಲ್ಲಿ ವಕೀಲ. ದಾರಿ ಖಂಡಿತ ಇದೆ.

ಮೊದಲು ಆ 'ಒಪ್ಪಿ ಬಂದೋರು' ಮಾತು. ಮಾನವ ಕಳ್ಳಸಾಗಣೆಯ ಕಲಂ ಅಂದರೆ ಭಾರತೀಯ ನ್ಯಾಯ ಸಂಹಿತೆಯ 143. ಅದರ ಪ್ರಕಾರ ಮೋಸ, ಬೆದರಿಕೆ, ಆಮಿಷದಿಂದ ಜನರನ್ನು ಕರೆತಂದು ಶೋಷಣೆಗೆ ಇಟ್ಟುಕೊಂಡರೆ ಅವರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ಶೋಷಣೆಗೆ ಸಿಕ್ಕವರು ಒಬ್ಬರಿಗಿಂತ ಜಾಸ್ತಿ ಇದ್ದರೆ ಕನಿಷ್ಠ 10 ವರ್ಷ ಶಿಕ್ಷೆ, ಜೀವಾವಧಿವರೆಗೂ ಹೋಗಬಹುದು. ಕರೆತಂದ ಮೇಸ್ತ್ರಿಯೂ ಸಿಕ್ಕಿಹಾಕಿಕೊಳ್ಳುತ್ತಾನೆ, ಗೊತ್ತಿದ್ದೂ ಇಟ್ಟುಕೊಂಡ ಮಾಲೀಕನೂ ಸಿಕ್ಕಿಹಾಕಿಕೊಳ್ಳುತ್ತಾನೆ.

ಆದರೆ ನಿಮಗೆ ಬೇಗ ಕೆಲಸಕ್ಕೆ ಬರುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಜೀತ ಅಂದರೆ ಸಂಕೋಲೆ ಹಾಕಿರಬೇಕು ಅಂತೇನಿಲ್ಲ. ಮುಂಗಡ ಕೊಟ್ಟು, ಅದರ ಹೆಸರಲ್ಲಿ ಓಡಾಡುವುದಕ್ಕೋ ಬೇರೆ ಕಡೆ ಕೆಲಸ ಹುಡುಕುವುದಕ್ಕೋ ತಡೆದರೆ ಅದು ಜೀತವೇ. ಆ ಸಾಲ ಕಾನೂನಿನ ಪ್ರಕಾರ ರದ್ದು, ಒಂದು ರೂಪಾಯಿಯನ್ನೂ ವಾಪಸ್ ಕೊಡಬೇಕಿಲ್ಲ. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ. ಹಾಗಾಗಿ ಸಾಕ್ಷಿ ಎಲ್ಲಿಂದ ತರಲಿ ಅಂತ ಹೆದರಬೇಡಿ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ ಬರೆದು, ಪಕ್ಕದಲ್ಲೇ ಅಡ್ವಾನ್ಸ್ ಕಳೆದ ಪುಟ್ಟ ನೋಟ್‌ಬುಕ್ ಆ ಕುಟುಂಬದ ಹತ್ತಿರ ಇದ್ದರೆ ಅದರ ಫೋಟೋ ಸಾಕು. ಆಧಾರ್ ಕಾರ್ಡ್ ಮಾಲೀಕರ ಬೀರುವಿನಲ್ಲಿದ್ದರೆ ಅದನ್ನೂ ಬರೆಯಿರಿ.

ಜೀತದಿಂದ ಬಿಡಿಸಿ ಅಂತ ಅರ್ಜಿ ಬರೆದು ತಹಶೀಲ್ದಾರ್ ಅಥವಾ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಕೊಡಿ, ಒಂದು ಪ್ರತಿ ಡಿಸಿಗೆ (ಜಿಲ್ಲಾಧಿಕಾರಿ). ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಪೊಲೀಸರಿಗೆ ಬೇರೆ ದೂರು. ಮಕ್ಕಳೂ ಕೆಲಸ ಮಾಡುತ್ತಿದ್ದರೆ ತಡ ಮಾಡದೆ 1098ಕ್ಕೆ ಫೋನ್ ಮಾಡಿ. ವಕೀಲರ ಫೀಸಿನ ಚಿಂತೆ ಬೇಡ, ಉಚಿತ ಕಾನೂನು ನೆರವಿಗೆ 15100 ಇದೆ. ಗೂಡಿನೊಳಗೆ ನೀವೇ ಹೋಗಿ ವಿಡಿಯೋ ಮಾಡುವ ಸಾಹಸ ಮಾತ್ರ ಬೇಡ. ಸುಳಿವು ಸಿಕ್ಕಿದರೆ ರಾತ್ರೋರಾತ್ರಿ ಜನರನ್ನು ಬೇರೆ ಗೂಡಿಗೆ ಸಾಗಿಸಿಬಿಡುತ್ತಾರೆ.

ಇನ್ನೊಂದು ಮಾತು. ಅಧಿಕಾರಿಗಳು ಕೆಲವೊಮ್ಮೆ ಇದನ್ನು ಸುಮ್ನೆ ಕೂಲಿ ಬಾಕಿಯ ಜಗಳ ಮಾಡಿ, ಒಂದಿಷ್ಟು ದುಡ್ಡು ಕೊಡಿಸಿ ರೈಲು ಹತ್ತಿಸಿಬಿಡುತ್ತಾರೆ. ಎಲ್ಲರಿಗೂ ಸಲೀಸು, ಅಲ್ವಾ? ಒಪ್ಪಬೇಡಿ. ಜೀತ ಬಿಡುಗಡೆ ಪ್ರಮಾಣಪತ್ರ ಕೈಗೆ ಬರಲೇಬೇಕು. 30,000 ರೂಪಾಯಿವರೆಗಿನ ತಕ್ಷಣದ ನೆರವು ಸಿಗುವುದು ಅದರ ಮೇಲೇ. ಪುನರ್ವಸತಿ ಹಣವೂ ಇದೆ: ಗಂಡಸರಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ, ಆದರೆ ಅದು ಕೇಸಿನ ತೀರ್ಪಿನವರೆಗೆ ಕಾಯಿಸುತ್ತದೆ. ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆ ಪತ್ರ ಕೇಳಿ, ಹೆಂಗಸರ ಹೆಸರು ಬಿಟ್ಟುಹೋಗುವುದು ಜಾಸ್ತಿ.